ನಂಬರ್ ಪ್ಲೇಟ್ ಬಂದ ಮೇಲೆ

ಕಳೆದ ವಾರ ನಮ್ಮ ಕಟ್ಟಡದ ತಾರಸಿಯ ನೀರಿನ ಟ್ಯಾಂಕ್ ಸೋರುತ್ತಿದೆ ಎಂದು ರಿಪೇರಿಯವರು ಬಂದಿದ್ದರು. ನಾವಿರುವುದು ದುಬೈಯ ಅಲ್ ನಹ್ದಾದಲ್ಲಿ, ಕೊನೆಯ ಮಹಡಿ. ಒಗೆದ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದವಳಿಗೆ ಮೇಲಿನಿಂದ ಒಂದು ವಾಸನೆ ಬಡಿಯಿತು. ಪೇಂಟಿನದ್ದೂ ಅಲ್ಲ, ಸೀಮೆಎಣ್ಣೆಯದ್ದೂ ಅಲ್ಲ. ಗಂಟಲಲ್ಲಿ ಕೂತು ಮೆಲ್ಲಗೆ ತಲೆಗೇರುವಂಥದ್ದು. ಫೈಬರ್‌ಗ್ಲಾಸಿಗೆ ಹಚ್ಚುವ ರೆಸಿನ್. ಬಟ್ಟೆಯನ್ನು ಬಕೆಟ್ಟಿಗೇ ಹಾಕಿ ಒಳಗೆ ಓಡಿ ಗ್ಯಾಸ್ ಆಫ್ ಮಾಡಿದೆ. ಆಮೇಲೆ ಮುಂಬಾಗಿಲಿನ ಹೊರಗೆ ನಮ್ಮ ಚಪ್ಪಲಿಗಳು ಕಾಣುತ್ತಿವೆಯೇ ಎಂದು ನೋಡಿದೆ. ಈಗಿನದು ನಮ್ಮ ಹೆಸರಿನಲ್ಲೇ ಕಾಂಟ್ರ್ಯಾಕ್ಟ್ ಇರುವ ಮನೆ, ಯಾರ ಹಂಗೂ ಇಲ್ಲ. ಆದರೂ ಆ ವಾಸನೆ ಬಂದರೆ ನನ್ನ ಕೈಕಾಲು ನನ್ನನ್ನು ಕೇಳದೆ ಓಡುತ್ತವೆ...

ಈ ಓಟ ಶುರುವಾದದ್ದು ಅಬುಧಾಬಿಯಲ್ಲಿ, ನಮ್ಮ ಕೆಳಗಿನ ಮನೆಯಲ್ಲಿದ್ದ ಅಣ್ಣನಿಂದ. ನನಗೆ ಅವರು ಸ್ವಂತ ಅಣ್ಣನಲ್ಲ. ಉಡುಪಿ ಕಡೆಯವರು, ತುಳು ಮಾತಾಡುವವರು, ವಯಸ್ಸಿನಲ್ಲಿ ಹಿರಿಯರು. ಹಾಗಾಗಿ ಅವರು ಅಣ್ಣ, ಅವರ ಹೆಂಡತಿ ಅತ್ತಿಗೆ. ಎರಡು ಸಾವಿರದ ಹತ್ತರ ದಶಕದ ಮೊದಲ ವರ್ಷಗಳವು. ಖಾಲಿದಿಯಾದ ಒಂದು ಹಳೆಯ ವಿಲ್ಲಾವನ್ನು ಜಿಪ್ಸಮ್ ಬೋರ್ಡಿನಲ್ಲಿ ಅಡ್ಡಡ್ಡ ಕತ್ತರಿಸಿ ನಾಲ್ಕೈದು ಸಂಸಾರಗಳು ಹಂಚಿಕೊಂಡಿದ್ದೆವು. ಕಾಂಟ್ರ್ಯಾಕ್ಟ್ ಇದ್ದದ್ದು ಒಬ್ಬರ ಹೆಸರಿನಲ್ಲಿ ಮಾತ್ರ, ಹಿಂಬದಿ ರಸ್ತೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಟ್ಕಳದ ಸಾಹೇಬರದು. ಕಾನೂನಿನ ಪ್ರಕಾರ ಅದು ಒಂದೇ ಕುಟುಂಬ ಇರಬೇಕಾದ ಮನೆ. ತಪಾಸಣೆಯವರು ಬಂದು ನೋಡಿದರೆ ಎಲ್ಲರೂ ಗಂಟುಮೂಟೆ ಕಟ್ಟಬೇಕು. ಬೇರೆ ಫ್ಲ್ಯಾಟ್ ಹಿಡಿಯುವ ಶಕ್ತಿ ನಮಗ್ಯಾರಿಗೂ ಇರಲಿಲ್ಲ. ಮಗಳು ಹತ್ತಿರದ ಶಾಲೆಯಲ್ಲಿದ್ದಳು, ನಾನು ನಡೆದು ಹೋಗುವಷ್ಟು ದೂರದ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದೆ. ಆ ಮನೆ ಹೋದರೆ ನಾನೂ ಮಗಳೂ ಊರಿಗೆ, ನನ್ನವರು ಒಂದೇ ಕೋಣೆಯಲ್ಲಿ ಹತ್ತು ಜನ ಮಂಚ ಬಾಡಿಗೆ ಹಿಡಿಯುವ ಯಾವುದಾದರೂ ಬೆಡ್‌ಸ್ಪೇಸಿಗೆ ಎಂದು ಮಾತಾಗಿಯೇ ಹೋಗಿತ್ತು.

ಆದ್ದರಿಂದ ನಮ್ಮದು ಕಣ್ಣಿಗೆ ಬೀಳದ ಬದುಕು. ಹೊರಗೆ ಚಪ್ಪಲಿ ಬಿಡುವಂತಿಲ್ಲ, ಗೇಟಿನ ಮುಂದೆ ನಿಂತು ಮಾತಾಡುವಂತಿಲ್ಲ, ಬಾಲ್ಕನಿಯಲ್ಲಿ ಒಂದಕ್ಕಿಂತ ಹೆಚ್ಚು ಮನೆಯ ಬಟ್ಟೆ ಒಣಗುವಂತಿಲ್ಲ. ಇಂಥ ಜಾಗದಲ್ಲಿ ಅಣ್ಣ ಸ್ಪೋರ್ಟ್ಸ್ ಕಾರು ಕಟ್ಟಲು ಹೊರಟರು! ಅದೂ ಕೆಂಪು ಬಣ್ಣದ್ದು.

ಕಂಪೆನಿಯೊಂದರಲ್ಲಿ ಲಿಫ್ಟ್‌ಗಳ ಮೇಲ್ವಿಚಾರಣೆ ಅವರ ಕೆಲಸ. ಬಂದಂದಿನಿಂದ ಓಡಿಸಿದ್ದು ಕಂಪೆನಿಯ ಬಿಳಿ ಪಿಕಪ್ಪನ್ನೇ. ಒಂದು ದಿನ ಟ್ರಕ್ಕಿನಲ್ಲಿ ದೊಡ್ಡ ಮರದ ಪೆಟ್ಟಿಗೆಯೊಂದು ಬಂತು. ಅದರೊಳಗೆ ಕಬ್ಬಿಣದ ಕೊಳವೆಗಳ ಚೌಕಟ್ಟು, ಫೈಬರಿನ ಮೈ, ಪೊಟ್ಟಣ ಪೊಟ್ಟಣ ನಟ್ಟು ಬೋಲ್ಟು. ಇಂಗ್ಲೆಂಡಿನಿಂದ ತರಿಸಿದ ಕಿಟ್ ಎಂದರು. ಜೋಡಿಸಿದರೆ ಕಾರು, ಇಲ್ಲದಿದ್ದರೆ ಗುಜರಿ. ಹಳೆಯ ಜಪಾನಿ ಕಾರೊಂದರ ಇಂಜಿನ್ ಮೊದಲೇ ತಂದು ಪೋರ್ಚಿನ ಮೂಲೆಯಲ್ಲಿ ಮುಚ್ಚಿಟ್ಟಿದ್ದರು. ನಾವೆಲ್ಲ ಅದನ್ನು ಏಸಿಯ ಯಾವುದೋ ಭಾಗ ಅಂದುಕೊಂಡಿದ್ದೆವು.

"ಇದೆಂತಕ್ಕೆ ಅಣ್ಣಾ ಈಗ?" ಎಂದು ಕೇಳಿದ್ದೆ.

"ಇಪ್ಪತ್ತು ವರ್ಷ ಆಯ್ತು ಬಂದು. ಎಲ್ಲ ಬೇರೆಯವರದ್ದು ಮೇಲೆ ಕೆಳಗೆ ಮಾಡಿದ್ದೇ," ಎಂದು ನಕ್ಕರು. "ನನ್ನದು ಅಂತ ಒಂದು ಮುಂದೆ ಹೋಗ್ಲಿ ಮಾರಾಯ್ತಿ."

ಬರುವ ದಾರಿಯಲ್ಲಿ ಪೆಟ್ಟಿಗೆ ಎಲ್ಲಿಯೋ ಬಿದ್ದು ಒಂದು ಮಡ್‌ಗಾರ್ಡ್ ಸೀಳಿಹೋಗಿತ್ತು. ಅದನ್ನು ಕೂಡಿಸಲು ಬಂದದ್ದೇ ಈ ರೆಸಿನ್. ಅಬುಧಾಬಿಯ ಸೆಕೆಗೆ ಅದು ಕಲಸುವಷ್ಟರಲ್ಲಿ ಕಲ್ಲಾಗುತ್ತಿತ್ತು. ಅದಕ್ಕೆ ಅಣ್ಣ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡತೊಡಗಿದರು, ಅತ್ತಿಗೆಯ ಮೊಸರಿನ ಪಾತ್ರೆಯ ಪಕ್ಕದಲ್ಲಿ. ಬೆಳಿಗ್ಗೆ ಡ್ಯೂಟಿಗೆ ಮೊದಲು ಬಿಸಿಲೇರುವ ಮುಂಚೆ ಅಷ್ಟಷ್ಟೇ ಕಲಸಿ ಹಚ್ಚುತ್ತಿದ್ದರು. ವಿಲ್ಲಾಕ್ಕೆ ಇದ್ದದ್ದು ಒಂದೇ ಏಸಿ ಡಕ್ಟ್. ಕೆಳಗೆ ಅವರು ಡಬ್ಬಿ ತೆರೆದರೆ ಮೇಲೆ ನಮ್ಮ ತಲೆದಿಂಬಿನ ಮೇಲೆ ವಾಸನೆ ಇಳಿಯುತ್ತಿತ್ತು. ನನಗೆ ಅದೇ ಅಲಾರ್ಮ್. ಗೋಡೆ ಬದಿಯಲ್ಲಿ ಸಾಲಾಗಿ ನಿಂತ ಎಲ್ಲ ಮನೆಗಳ ಗ್ಯಾಸ್ ಸಿಲಿಂಡರು, ಹತ್ತಿರದಲ್ಲೇ ಅವರ ಡ್ರಿಲ್ಲಿನ ಕಿಡಿ, ಮೇಲೆ ನಮ್ಮ ರಟ್ಟಿನಂಥ ಗೋಡೆ... ಕಣ್ಣು ಬಿಡುವ ಮೊದಲೇ ನಾನು ಅರ್ಧ ಊರು ಸುಟ್ಟು ಮುಗಿಸಿರುತ್ತಿದ್ದೆ.

ಹೆದರುವುದರಲ್ಲಿ ನನ್ನದು ಎತ್ತಿದ ಕೈ ಎಂದು ನನ್ನವರು ಈಗಲೂ ತಮಾಷೆ ಮಾಡುತ್ತಾರೆ. ಮಾಡಲಿ. ಗೇಟಿನ ಹೊರಗೆ ಯಾವ ಕಾರಿನ ಬಾಗಿಲು ಬಡಿದರೂ ಕಿಟಕಿಗೆ ಓಡುತ್ತಿದ್ದವಳು ನಾನು. ಮಗಳಿಗೆ ಮಾತ್ರ ಹಬ್ಬ. ಶಾಲೆಯಿಂದ ಬಂದವಳೇ ಪೋರ್ಚಿನಲ್ಲಿ ನಿಂತು "ಅಮ್ಮಾ, ಇಟ್ಸ್ ಸೋ ಕೂಲ್!" ಎನ್ನುವುದು, ನಾನು ಅವಳ ಬಾಯಿ ಮುಚ್ಚಿ ಒಳಗೆ ಎಳೆದು ತರುವುದು. ಅತ್ತಿಗೆ ಕಾರನ್ನು ಕರೆಯುತ್ತಿದ್ದದ್ದು ಸವತಿ ಎಂದು. "ಸವತಿಗೆ ಬೆಳಿಗ್ಗೆ ಸ್ನಾನ ಆಯ್ತಾ?" ಎಂದು ಕೇಳುತ್ತಲೇ ಅಣ್ಣನ ಕೈಗೆ ಚಹಾ ಕೊಡುತ್ತಿದ್ದರು. ಒಮ್ಮೆ ಕೂತು ನೋಡು ಎಂದು ಅಣ್ಣ ಎಷ್ಟು ಕರೆದರೂ ಒಂದೇ ಉತ್ತರ: "ನಂಬರ್ ಪ್ಲೇಟ್ ಬರ್ಲಿ. ಆಮೇಲೆ ಕೂರ್ತೇನೆ, ರೇಷ್ಮೆ ಸೀರೆ ಉಟ್ಟು."

ಒಂದು ವರ್ಷಕ್ಕೂ ಮೇಲೆ ಹಿಡಿಯಿತು. ಕೊನೆಗೆ ಇಂಜಿನ್ ಉಸಿರಾಡಿತು, ಚಕ್ರ ಕೂತಿತು. ಸರಿಯಾಗಿ ಆಯುಧ ಪೂಜೆಯ ಹೊತ್ತಿಗೆ.

ಆಗೆಲ್ಲ ಗಲ್ಫಿನಲ್ಲಿ ನಮ್ಮ ಹಬ್ಬಗಳು ಶುಕ್ರವಾರಕ್ಕೇ ಬರುತ್ತಿದ್ದವು, ರಜೆ ಅವತ್ತೇ ತಾನೆ. ಆ ಶುಕ್ರವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಮಲಗಿತ್ತು. ಅಣ್ಣ ಟಾರ್ಪಾಲಿನ್ ಎಳೆದರು. ಚೆಂಡುಹೂವಿನ ಮಾಲೆ ಹಾಕಿ, ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟು, ಅತ್ತಿಗೆ ಆರತಿ ಎತ್ತಿದರು. ಗೇಟಿನ ಹೊರಗೆ ಬೂದುಗುಂಬಳಕಾಯಿ ಒಡೆಯುವುದೂ ಆಯಿತು. ಒಳಗೆ ತುಂಬಿದ್ದ ಕುಂಕುಮ ನೀರಿನೊಂದಿಗೆ ಹರಡಿ ರಸ್ತೆಯೆಲ್ಲ ಕೆಂಪಾಯಿತು. ನಾನು ಆಗಲೇ ಬಕೆಟ್ ಹಿಡಿದು ನಿಂತಿದ್ದೆ. ಅತ್ತಿಗೆ ಕೈ ಹಿಡಿದು ತಡೆದರು.

"ದೃಷ್ಟಿ ತೆಗೆದದ್ದನ್ನು ಕೂಡ್ಲೇ ತೊಳೀಬಾರ್ದು. ಮಧ್ಯಾಹ್ನ ಊಟ ಆಗಿ ತೊಳೆಯುವ."

ಪೂಜೆಯಾದ ಗಾಡಿ ನಿಂತಲ್ಲೇ ನಿಲ್ಲಬಾರದು, ನಿಂಬೆಹಣ್ಣಿನ ಮೇಲೆ ಹಾದು ಒಂದು ಸುತ್ತು ಹೋಗಿ ಬರಬೇಕು. ಬೀದಿಯ ತಿರುವಿನವರೆಗೆ ಮಾತ್ರ ಎಂದರು ಅಣ್ಣ. ಪಕ್ಕದ ಸೀಟು ಖಾಲಿ ಇರಬಾರದು ಎಂದು ಅತ್ತಿಗೆಯೇ ಹೇಳಿದರು, ಆದರೆ ತಾವು ಮಾತ್ರ ಪಟ್ಟು ಬಿಡಲಿಲ್ಲ. ನಂಬರ್ ಪ್ಲೇಟ್ ಬಂದ ಮೇಲೆಯೇ. ಅಣ್ಣ ನನ್ನ ಕಡೆ ತಿರುಗಿದರು.

"ನೀನು ಬಾ. ಹೆದರುವವರು ಪಕ್ಕದಲ್ಲಿದ್ರೆ ಡ್ರೈವರ್ ನಿಧಾನ ಹೋಗ್ತಾನೆ."

ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ನೆಲದಲ್ಲೇ ಕೂತಂತಿತ್ತು. ಇಂಜಿನ್ ಸದ್ದು ಬೀದಿಯ ಎರಡೂ ಬದಿಯ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಯಾವ ಕಿಟಕಿ ತೆರೆಯುತ್ತದೋ, ಯಾರು ಫೋನು ಎತ್ತುತ್ತಾರೋ, ಮಗಳ ಶಾಲೆ, ನಮ್ಮ ಮನೆ... ನಾನು ಕಣ್ಣು ಮುಚ್ಚಿಕೊಂಡೆ. ಆ ಸದ್ದಿನ ಮೇಲೆ ಅಣ್ಣ ಕೂಗಿ ಕೇಳಿದರು, "ಅವಳು ನೋಡ್ತಾ ಇದ್ದಾಳಾ?"

ಒಂದು ಕಣ್ಣು ತೆರೆದು ಕನ್ನಡಿ ನೋಡಿದೆ. ಗೇಟಿನ ಬಳಿ ಅತ್ತಿಗೆ ಆರತಿ ತಟ್ಟೆ ಹಿಡಿದು ನಿಂತಿದ್ದರು.

"ಮೊದಲು ಗಾಡಿ ತಿರುಗ್ಸಿ ಅಣ್ಣಾ," ಎಂದೆ.

ಅವರು ಇನ್ನೇನೂ ಕೇಳಲಿಲ್ಲ. ತಿರುಗಿಸಿ ತಂದು ಪೋರ್ಚಿನಲ್ಲಿ ನಿಲ್ಲಿಸಿ ಟಾರ್ಪಾಲಿನ್ ಮುಚ್ಚಿದರು. ಯಾರೂ ನೋಡಲಿಲ್ಲ ಎಂದು ನಾವು ಬೀಗಿದೆವು, ಪಾಯಸ ತಿಂದೆವು. ಬರುವಾಗ ಕಾರಿನ ಚಕ್ರ ಆ ಕುಂಬಳಕಾಯಿಯ ಮೇಲೆ ಹಾದುಬಂದಿದೆ ಎಂಬುದನ್ನು ನಮ್ಮಲ್ಲಿ ಒಬ್ಬರೂ ಗಮನಿಸಿರಲಿಲ್ಲ.

ಮಧ್ಯಾಹ್ನ ಹತ್ತಿರದ ಮಸೀದಿಗೆ ಜುಮಾ ನಮಾಜಿಗೆ ಬಂದವರು ಎಂದಿನಂತೆ ನಮ್ಮ ಬೀದಿಯಲ್ಲೇ ಕಾರು ನಿಲ್ಲಿಸಿದರು. ಅವರಿಗೆ ಕಂಡದ್ದು ಇಷ್ಟು: ರಸ್ತೆಯ ಮೇಲೆ ಕೆಂಪು, ಅದರಿಂದ ಹೊರಟು ಗೇಟಿನೊಳಗೆ ಹೋದ ಎರಡು ಕೆಂಪು ಚಕ್ರದ ಗುರುತು, ಒಳಗೆ ಟಾರ್ಪಾಲಿನ್ ಮುಚ್ಚಿದ ಗಾಡಿ. ಯಾರನ್ನೋ ಗುದ್ದಿ ಬಂದು ಅಡಗಿಸಿಟ್ಟಿದ್ದಾರೆ ಎಂದು ಯಾರಿಗಾದರೂ ಅನಿಸಬೇಕಾದ್ದೇ. ನಾವು ಊಟಕ್ಕೆ ಕೂತಿದ್ದಾಗ ಪೊಲೀಸರು ಬಂದರು.

ಇಬ್ಬರೇ, ಸೌಮ್ಯವಾದವರು. ನಾನು ಎಂಜಲು ಕೈಯಲ್ಲೇ ಎದ್ದು ಮೆಟ್ಟಿಲಿಗೆ ಬಂದೆ. ಅಣ್ಣ ಬರಿಗಾಲಲ್ಲಿ ಓಡಿಹೋಗಿ, ರಸ್ತೆಯಿಂದ ಕುಂಬಳಕಾಯಿಯ ಚೂರೊಂದನ್ನು ಎತ್ತಿ ಅವರ ಮುಖದ ಮುಂದೆ ಹಿಡಿದು, "ಮಾಫಿ ಬ್ಲಡ್, ಸರ್! ಮಾಫಿ ಬ್ಲಡ್! ವೆಜಿಟೇಬಲ್!" ಎನ್ನುತ್ತಿದ್ದರು. ಮಾಫಿ ಎಂದರೆ ಅರಬಿಯಲ್ಲಿ ಇಲ್ಲ ಎಂದು. ನಮಾಜು ಮುಗಿಸಿ ಬಂದ ಭಟ್ಕಳದ ಸಾಹೇಬರು ಬೆವರೊರೆಸುತ್ತ ಅರಬಿಯಲ್ಲಿ ವಿವರಿಸಿದರು. ಹೊಸ ಗಾಡಿಗೆ ತರಕಾರಿ ಯಾಕೆ ಒಡೆಯಬೇಕು ಎಂಬುದನ್ನು ಅವರು ಏನೆಂದು ಹೇಳಿದರೋ ದೇವರಿಗೇ ಗೊತ್ತು. ಕಿರಿಯ ಪೊಲೀಸ್ ಆ ಚೂರನ್ನು ಮೂಸಿ ನೋಡಿ ನಕ್ಕುಬಿಟ್ಟ. ಟಾರ್ಪಾಲಿನ್ ಎತ್ತಿಸಿ ಕಾರಿನ ಸುತ್ತ ಒಂದು ಸುತ್ತು ಬಂದ, ಬಾನೆಟ್ಟಿನ ಮೇಲೆ ಕೈಯಾಡಿಸಿದ.

"ನೀನೇ ಮಾಡಿದ್ದಾ?" ಎಂದು ಕೈಸನ್ನೆಯಲ್ಲಿ ಕೇಳಿದ. ಅಣ್ಣ ತಲೆಯಾಡಿಸಿದರು. ಅವನು "ಹೆಲು, ಹೆಲು" ಎಂದ. ಚೆನ್ನಾಗಿದೆ ಎಂದು ಅರ್ಥ. ಆ ಕ್ಷಣ ಅಣ್ಣನ ಮುಖ ನೋಡಬೇಕಿತ್ತು...

ನಾನು ನೋಡುತ್ತಿದ್ದದ್ದು ಹಿರಿಯ ಪೊಲೀಸನ ಮುಖವನ್ನು. ಅವನ ಕಣ್ಣು ಕಾರಿನ ಮೇಲಿರಲಿಲ್ಲ. ಗೋಡೆ ಬದಿಯ ಸಿಲಿಂಡರುಗಳ ಸಾಲಿನ ಮೇಲಿತ್ತು. ಅಲ್ಲಿಂದ ಮೆಟ್ಟಿಲು, ಮೆಟ್ಟಿಲಿನಿಂದ ಮೇಲೆ ನಿಂತಿದ್ದ ನಮ್ಮೆಲ್ಲರ ಮೇಲೆ ಹರಿಯಿತು. ಇವರೆಲ್ಲ ಯಾರು ಎಂದು ಸಾಹೇಬರನ್ನು ಕೇಳಿದ. ಹಬ್ಬಕ್ಕೆ ಬಂದ ನೆಂಟರು ಎಂದರು ಸಾಹೇಬರು. ರಸ್ತೆ ತೊಳೆಯಿರಿ, ನಂಬರ್ ಇಲ್ಲದೆ ಗಾಡಿ ಹೊರಗೆ ತೆಗೆಯಬೇಡಿ ಎಂದು ಹೇಳಿ ಪೊಲೀಸರು ಹೊರಟುಹೋದರು.

ಸಂಜೆ ಎಲ್ಲರೂ ಪೋರ್ಚಿನಲ್ಲಿ ಸೇರಿದೆವು. ಯಾರೂ ಅಣ್ಣನ ಮುಖ ನೋಡುತ್ತಿರಲಿಲ್ಲ.

"ದೇಖೋ ಭಾಯಿ, ಇವತ್ತು ಬಚಾವಾದ್ವಿ," ಎಂದು ಸಾಹೇಬರು ಶುರುಮಾಡಿದರು. ಅಣ್ಣನೇ ಮುಗಿಸಿದರು.

"ಕಾರು ಹೋಗ್ತದೆ ಸಾಹೇಬ್ರೇ. ಮಕ್ಕಳ ಶಾಲೆ ಅರ್ಧದಲ್ಲಿ ಉಂಟು. ಖಲಾಸ್."

ಅತ್ತಿಗೆ ಎದ್ದು ಒಳಗೆ ಹೋದರು. ನನಗೆ ಎದೆಯ ಭಾರ ಇಳಿದಂತಾಯಿತು, ಅದು ಇಳಿದದ್ದಕ್ಕೆ ಸಂಕಟವೂ ಆಯಿತು. ಮುಂದಿನ ವಾರ ಕಾರು ಹೊತ್ತೊಯ್ಯುವ ರಿಕವರಿ ಟ್ರಕ್ ಬಂತು. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಅಣ್ಣನ ಪರಿಚಯದವರೊಬ್ಬರ ಗ್ಯಾರೇಜು, ಅದರ ಹಿಂದಿನ ಶೆಡ್ಡಿನಲ್ಲಿ ಜಾಗ ಸಿಕ್ಕಿತ್ತು. ಟ್ರಕ್ಕಿನ ಮೇಲೆ ಕಾರು ಹಿಂದುಹಿಂದಾಗಿ ಏರಿತು. ಅಣ್ಣ ಮಾಲೆಯ ಒಣಗಿದ ಹೂಗಳನ್ನು ಒಂದೊಂದೇ ಬಿಡಿಸಿ ಜೇಬಿಗೆ ಹಾಕಿಕೊಂಡರು.

ಮೊದಮೊದಲು ಪ್ರತಿ ಶುಕ್ರವಾರ ದುಬೈಗೆ ಹೋಗುತ್ತಿದ್ದರು. ಮನೆಯಲ್ಲಿ ಕಟ್ಟಿದ ಗಾಡಿಗೆ ನಂಬರ್ ಸಿಗಬೇಕಾದರೆ ಪಾಸಾಗಬೇಕಾದ ಪರೀಕ್ಷೆಗಳು ಹಲವು. ಒಂದು ಸರಿಯಾದರೆ ಇನ್ನೊಂದು ಬಾಕಿ. ಆಮೇಲೆ ತಿಂಗಳಿಗೊಮ್ಮೆ ಹೋದರು. ಆಮೇಲೆ ಕೇಳುವುದನ್ನು ನಾವೇ ಬಿಟ್ಟೆವು. ಏಸಿಯಿಂದ ಬರೀ ತಂಪು ಗಾಳಿ ಬರತೊಡಗಿತು. ಆದರೂ ನನಗೆ ಬೆಳಗಿನ ಹೊತ್ತು ಎಚ್ಚರವಾಗುತ್ತಿತ್ತು, ಹೆದರಲು ಏನೂ ಇಲ್ಲದೆ ಸುಮ್ಮನೆ ಮಲಗಿರುತ್ತಿದ್ದೆ.

ಅಷ್ಟೆಲ್ಲ ಮಾಡಿಯೂ ಮನೆ ಉಳಿಯಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಆ ಬೀದಿಯ ಎಲ್ಲ ವಿಲ್ಲಾಗಳ ತಪಾಸಣೆಯಾಯಿತು, ನಮ್ಮ ಗೇಟಿಗೂ ನೋಟಿಸು ಅಂಟಿತು. ಕಾರು ಇದ್ದಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ನಾನೂ ಮಗಳೂ ಊರಿಗೆ ಹೋಗಿ, ನನ್ನವರಿಗೆ ದುಬೈಯಲ್ಲಿ ಕೆಲಸ ಸಿಕ್ಕ ಮೇಲೆ ಮರಳಿ ಬಂದೆವು. ಅಣ್ಣ, ಅತ್ತಿಗೆ ಉಡುಪಿಗೆ ಹೋದವರು ಅಲ್ಲೇ ಉಳಿದರು. ಕಾರು ಶೆಡ್ಡಿನಲ್ಲೇ ಉಳಿದುಹೋಯಿತು. ಗ್ಯಾರೇಜಿನವರು ಅದನ್ನು ಬಿಡಿಬಿಡಿಯಾಗಿ ಮಾರಿದರು ಎಂದು ಆಮೇಲೆ ಕೇಳಿದೆ. ದಶಕ ಮುಗಿಯುವ ಮೊದಲೇ ಅಣ್ಣನೂ ಹೋದರು. ಎದೆನೋವು ಎಂದು ಕೂತವರು ಏಳಲಿಲ್ಲವಂತೆ.

ಟ್ಯಾಂಕಿನ ವಾಸನೆ ಬಂದ ದಿನ ಮಧ್ಯಾಹ್ನ ಅತ್ತಿಗೆಗೆ ಫೋನು ಮಾಡಿದೆ. ಉಡುಪಿಯಲ್ಲಿ ತಂಗಿಯ ಜೊತೆ ಫ್ಲ್ಯಾಟಿನಲ್ಲಿದ್ದಾರೆ. ಮಂಡಿನೋವು, ಮಗಳ ಕಾಲೇಜು, ಇಲ್ಲಿಯ ಸೆಕೆ, ಎಲ್ಲ ಮಾತಾಡಿದೆವು. ಕೊನೆಗೆ ರೆಸಿನ್ ವಾಸನೆಯ ವಿಷಯ ಹೇಳಿದೆ.

"ಆ ಕಾರಲ್ಲಿ ಅವರ ಪಕ್ಕ ಕೂತದ್ದು ನೀನೊಬ್ಳೇ," ಎಂದರು ಅತ್ತಿಗೆ. "ಹೇಗಿತ್ತು ಹೇಳು. ಅವರ ಹತ್ರ ಕೇಳ್ಲಿಕ್ಕೆ ಬಾಯಿ ಬರ್ಲಿಲ್ಲ ನನಗೆ. ಅಷ್ಟು ಸತಾಯಿಸಿದ್ದೆ."

ಏನು ಹೇಳಲಿ? ಅಷ್ಟು ಬೆಳಗುಗಳು ಕೂತು ಅವರು ಕಟ್ಟಿದ ಕಾರು ಓಡಿದ್ದು ಅದೊಂದೇ ಸಲ. ಅವತ್ತು ಪಕ್ಕದಲ್ಲಿ ಕೂತವಳು ಕಣ್ಣು ಮುಚ್ಚಿಕೊಂಡಿದ್ದಳು. ಆ ಹೆದರಿಕೆಯಿಂದ ಮನೆಯೂ ಉಳಿಯಲಿಲ್ಲ, ಕಾರೂ ಉಳಿಯಲಿಲ್ಲ. ಬೀದಿ ಹೇಗಿತ್ತು, ಗಾಳಿ ಹೇಗೆ ಬೀಸಿತು, ಅಣ್ಣನ ಮುಖ ಹೇಗಿತ್ತು, ಒಂದೂ ನನ್ನ ಬಳಿ ಇಲ್ಲ.

"ನಂಗೆ ಹೆದರಿಕೆಯಲ್ಲಿ ಏನೂ ಕಾಣ್ಲಿಲ್ಲ ಅತ್ತಿಗೆ," ಎಂದೆ. "ಆದ್ರೆ ಅಣ್ಣ ಒಂದು ಮಾತು ಕೇಳಿದ್ರು. ಅವಳು ನೋಡ್ತಾ ಇದ್ದಾಳಾ ಅಂತ."

"ನೀನೆಂತ ಹೇಳಿದೆ?"

"ನೋಡ್ತಾ ಇದ್ದಾರೆ ಅಂದೆ."

ಅತ್ತಿಗೆ ಮೂಗು ಒರೆಸಿಕೊಂಡದ್ದು ಫೋನಿನಲ್ಲಿ ಕೇಳಿಸಿತು. "ನೋಡ್ತಾ ಇದ್ದೆ ಮಾರಾಯ್ತಿ," ಎಂದರು. "ತಿರುವು ಮುಟ್ಟುವವರೆಗೂ ನೋಡ್ತಾ ಇದ್ದೆ."

ಫೋನಿಟ್ಟು ಬಾಲ್ಕನಿಗೆ ಹೋದೆ. ಬಕೆಟ್ಟಿನಲ್ಲಿ ಬಟ್ಟೆ ಹಾಗೆಯೇ ಇತ್ತು. ಮೇಲೆ ರಿಪೇರಿಯವರು ಕೆಲಸ ಮುಗಿಸಿ ಹೋಗಿದ್ದರು, ವಾಸನೆ ತೆಳ್ಳಗಾಗುತ್ತಿತ್ತು. ಅದು ಪೂರ್ತಿ ಹೋಗುವವರೆಗೆ ನಾನು ಅಲ್ಲೇ ನಿಂತಿದ್ದೆ.