ಕಿಸೆದಾಗ ಮೂರು ಫ್ಯೂಸ್

ಬಸವಕಲ್ಯಾಣದಿಂದ ಹುಮನಾಬಾದ್ ತನಕ ಬೆಲ್ಟ್ ರಿಪೇರಿಗಿ ನನ್ನಂಥ ಫಿಟ್ಟರ್ ಇದ್ದಿಲ್ಲ, ಸಾಲಿ ಕಲ್ತದ್ದು ಮೂರನೇ ಇಯತ್ತಾ ತನಕ ಆದ್ರೂ. ಎರಡು ಸಾವಿರದ ಇಸ್ವಿ ದಾಟಿತ್ತು. ಹುಮನಾಬಾದ್ ಕಡಿ ಒಂದು ಫ್ಯಾಕ್ಟರಿದಾಗ ಕಲ್ಲಿದ್ದಲ ಹೊರೋ ಬೆಲ್ಟಿನ ಮೋಟರ್ ಚಾಲೂ-ಬಂದ್ ಮಾಡೋದು ಸರ್ವರ್ ಅನ್ನೋ ಕಂಪ್ಯೂಟರ್ ಡಬ್ಬಿದಾಗಿನ ಒಂದು ಪ್ರೋಗ್ರಾಮ್. ಅದು ಹಿಂದ ಸುಮ್ಮ ಓಡ್ತಿರ್ತದ, ಕಣ್ಣಿಗಿ ಕಾಣಲ್ಲ.

ಅವತ್ತು ಬೆಲ್ಟ್ ತಿರಗಸೋ ರೋಲರ್ ಸಿಕ್ಕೊಂತು. ನನ್ನ ಜೋಡಿ ಫಿಟ್ಟರ್ ರಶೀದ್ ಭಾಯಿ ಬೆಲ್ಟಿನ ಒಳಗ ಎರಡೂ ಕೈ ಹಾಕಬೇಕಿತ್ತು. ಕಂಪ್ಯೂಟರ್ ಇಂಜಿನಿಯರ್, "ಪ್ರೋಗ್ರಾಮ್ ಬಂದ್ ಮಾಡೀನ್ರಿ ಕಾಕಾ, ಕೆಲಸ ಸುರು ಮಾಡ್ರಿ" ಅಂದ.

ನಾ ಪ್ಯಾನೆಲ್ ತೆಗದು ಮೋಟರಿನ ಮೂರೂ ಫ್ಯೂಸ್ ಕಿತ್ತಿ ಕಿಸೆದಾಗ ಹಾಕ್ಕೊಂಡೆ.

"ಬಂದ್ ಮಾಡೀನಿ ಅಂದೆನಲ್ರಿ. ನನ್ ಮ್ಯಾಲ ಭರೋಸಾ ಇಲ್ಲೇನ್ರಿ?"

"ನಿನ್ ಮ್ಯಾಲ ಅದನಪ್ಪಾ. ನಿನ್ ಡಬ್ಬಿ ಮ್ಯಾಲ ಇಲ್ಲ."

ರಶೀದ್ ಭಾಯಿ ಮೊಣಕೈ ತನಕ ಒಳಗ ಹಾಕಿದ್ದ. ಆಗ ಪ್ಯಾನೆಲ್‌ನಾಗ ಟಕ್ ಅಂತು. ಮೋಟರಿಗಿ ಚಾಲೂ ಆಗು ಅಂತ ಹುಕುಂ ಬಂದ ಸಪ್ಪಳ ಅದು. ಫ್ಯೂಸ್ ಇಲ್ಲದಕ್ಕ ಮೋಟರ್ ತಿರಗಲಿಲ್ಲ.

ಇಂಜಿನಿಯರ್ ಕಂಪ್ಯೂಟರ್ ಕಡಿ ಓಡಿ ನೋಡಿ ಬಂದ. "ಬಂದಾದ ಪ್ರೋಗ್ರಾಮ್ ತಾನೇ ಎಬ್ಬಸಾಕ ಇನ್ನೊಂದು ಪ್ರೋಗ್ರಾಮ್ ಇಟ್ಟೀವ್ರಿ ಕಾಕಾ. ಅದನ್ನ ಬಂದ್ ಮಾಡೋದು ಮರತೆ."

"ನೀ ಬಂದ್ ಮಾಡಿದ್ದು ಯಾವುದು, ತಾನೇ ಕೆಟ್ಟು ನಿಂತದ್ದು ಯಾವುದು, ಅದಕ್ಕ ಫರಕ್ ತಿಳಿಯಲ್ಲೇನು?"

"ಇಲ್ರಿ."

ಒಳಗಿಂದ ರಶೀದ್ ಭಾಯಿ ಒದರಿದ, "ಅರೆ, ಏನ್ ಹರಟಿ ಹೊಡ್ಯಾಕತ್ತೀರಿ? ಬೋಲ್ಟ್ ಬಿಚ್ಚೋ ಪಾನಾ ಕೊಡ್ರಿ!"

ಕೊಟ್ಟೆ. ಊರ ತುಂಬ ನನ್ನ ಶಾಣ್ಯಾತನ ಹೇಳ್ಕೊಂಡು ತಿರಗೋ ನಾನು, ಫ್ಯೂಸ್ ಕಿತ್ತಿ ಅವನ ಕೈ ಉಳಿಸಿದ್ದೊಂದು ಅವನಿಗಿ ಅವತ್ತು ಹೇಳಲಿಲ್ಲ. ಹೇಳಿದ್ರ ಅವ ಅಂಜಿ ಹೊರಗ ಬರ್ತಿದ್ದ, ಒಳಗ ನಾ ಕೈ ಹಾಕಬೇಕಾಗ್ತಿತ್ತು.