ತಂತಿಯ ಕೆಳಗಿನ ಕಂಬಳಿ ಚೂರು

ಗೋಕಾಕದ ನಮ್ಮ ಕಾಲೇಜಿನ ವೇದಿಕೆಯಲ್ಲಿ ನಿರೂಪಕರು ನನ್ನನ್ನು ಪರಿಚಯಿಸಿದ್ದು ಹೀಗೆ: ‘ಗುರುವಿಲ್ಲದೆ, ಬರೀ ಮೊಬೈಲ್ ನೋಡಿ ಈ ವಾದ್ಯ ಕಲಿತವಳು.’ ಸಭೆ ಚಪ್ಪಾಳೆ ತಟ್ಟಿತು. ಮನೆಯವರೂ ಈಗ ಬಂದವರಿಗೆಲ್ಲ ಇದನ್ನೇ ಹೇಳುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯವನ್ನೇ ಹಿಡಿದು ಎಳೆಯುವವಳು ನಾನು; ನನ್ನ ಬಗ್ಗೆಯೇ ಆಡಿದ ಸುಳ್ಳನ್ನು ಹೇಗೆ ಬಿಡಲಿ? ಮೊಬೈಲ್ ಕಲಿಸಿದ್ದು ಬೆರಳಿಡುವುದನ್ನು. ಅದು ಅರ್ಧ ಮಾತ್ರ. ಉಳಿದರ್ಧ, ಅಂದರೆ ತಂತಿಯನ್ನು ಸುಮ್ಮನಾಗಿಸುವುದನ್ನು, ಕಲಿಸಿದವರು ದಡ್ಡಿ ಎಂಬ ಹಳ್ಳಿಯ ಒಬ್ಬ ಅಜ್ಜಿ, ನಮ್ಮ ಕಡೆಯ ಮಾತಿನಲ್ಲಿ ಆಯಿ. ಅವರು ಆ ವಾದ್ಯವನ್ನು ಕಂಡದ್ದೂ ಕಲಿಸಿದ ಆ ದಿನವೇ ಮೊದಲು.

ವಾದ್ಯ ಅಂದರೆ ಒಂದು ಉದ್ದನೆಯ ಹಲಗೆ, ಹತ್ತು ತಂತಿ. ಗಿಟಾರಿನ ಹಾಗೆ ಮೀಟುವುದಿಲ್ಲ. ಎರಡೂ ಕೈಗಳ ಬೆರಳುಗಳಿಂದ ತಂತಿಯನ್ನು ಹಲಗೆಗೆ ತಟ್ಟಿ ಒತ್ತಬೇಕು. ತಟ್ಟಿದರೆ ಸ್ವರ, ಬೆರಳೆತ್ತಿದರೆ ಮೌನ. ವಿಡಿಯೋಗಳಲ್ಲಿ ಹಾಗೆ. ನನ್ನಲ್ಲಿ ಬೆರಳೆತ್ತಿದ ಮೇಲೂ ಗುಂಯ್ ಎನ್ನುವ ಸದ್ದು ಹಾಗೇ ಉಳಿಯುತ್ತಿತ್ತು.

ಯಾರೋ ಬಳಸಿ ಬಿಟ್ಟದ್ದನ್ನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದೆ. ಕಲಿಸುವವರು ಹುಕ್ಕೇರಿ, ಗೋಕಾಕ ಹಾಗಿರಲಿ, ಬೆಳಗಾವಿಯಲ್ಲೂ ಸಿಗಲಿಲ್ಲ. ಇದ್ದದ್ದು ಕೆಲವು ವಿಡಿಯೋ, ಮತ್ತೆ ಹಳೆಯ ಮಾಲೀಕರು ಕಳಿಸಿದ್ದ ಇಂಗ್ಲಿಷ್ ಕೈಪಿಡಿಯ ಒಂದು ಫೈಲು. ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವಾಗ, ‘ಪೀಠಿಕಿ ಬ್ಯಾಡ್ರಿ, ಸೀದಾ ಪಾಠದಿಂದ ತಗೀರಿ’ ಎಂದಿದ್ದೆ. ಪೀಠಿಕೆ ಹಾಕಿ ಸಮಯ ಕಳೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಹುಕ್ಕೇರಿಯಲ್ಲಿ ನಮ್ಮ ಅಬ್ಬಾನದು ಹತ್ತಿ ತುಂಬಿ ಗಾದಿ ಹೊಲಿಯುವ ಅಂಗಡಿ. ಅದರ ಅಟ್ಟದಲ್ಲಿ ಏಳು ತಿಂಗಳು ತಟ್ಟಿದೆ. ಅಬ್ಬಾ ಕೆಳಗಿನಿಂದ ಕೂಗುತ್ತಿದ್ದರು, ‘ಮಗಳ, ಜೇನ ಎದ್ದಾವಲ್ಲ, ಗಿರಾಕಿಗಿ ಕಡದಾವು!’ ವಾದಕ್ಕೆ ಪುರಾವೆ ಬೇಕು. ಪುರಾವೆಯೆಲ್ಲ ನನ್ನ ವಿರುದ್ಧವೇ ಇತ್ತು. ವಿಡಿಯೋದವರಿಗೆ ಬರುತ್ತದೆ, ನನಗೆ ಬರುವುದಿಲ್ಲ, ಆದ್ದರಿಂದ ನನಗೆ ಕೈಯಿಲ್ಲ. ಮೂಡಲಗಿಯಲ್ಲಿ ಆರ್ಕೆಸ್ಟ್ರಾ ನಡೆಸುವ ಒಬ್ಬರಿಗೆ ಫೋನ್ ಮಾಡಿ, ನನಗೆ ಕೈಯಿಲ್ಲ, ಮಾರಿಬಿಡುತ್ತೇನೆ, ರವಿವಾರ ಬಂದು ವಾದ್ಯ ಒಯ್ಯಿರಿ ಎಂದೆ. ನಗುನಗುತ್ತಲೇ ಹೇಳಿದೆ. ಫೋನಿಟ್ಟ ಮೇಲೆ ಮಾತ್ರ ಅಳು ತಡೆಯಲಾಗಲಿಲ್ಲ.

ಶನಿವಾರ ಆ ಆಯಿ ಅಂಗಡಿಗೆ ಬಂದರು. ಕುರಿ ಸಾಕುವ, ಕಂಬಳಿ ನೇಯುವ ಮನೆತನ. ಮೊಮ್ಮಗಳಿಗೊಂದು ಗಾದಿ ಮಾಡಿಸಬೇಕಿತ್ತು. ಹೆಗಲ ಮೇಲಿನ ಹಳೆಯ ಕಂಬಳಿಯ ಅಂಚು ಎಳೆಬಿಟ್ಟಿದ್ದನ್ನು ಕಂಡು ಅಬ್ಬಾ ಕೇಳಿದರು, ‘ಆಯಿ, ಆ ಅಂಚ ಕತ್ತರಿಸಿ ಹೊಲದ ಕೊಡ್ಲೇನ್ರಿ?’

‘ಕಂಬಳಿಗಿ ಕತ್ತರಿ ಹಚ್ಚಾಂಗಿಲ್ಲ ತಮ್ಮಾ. ನಮ್ಮ ಮುದಕ ನೇದದ್ದಿದು. ಇದ ಕಡೀದು.’

ಅವರ ಗಂಡ ನೇಯ್ದ ಕೊನೆಯ ಕಂಬಳಿ ಅದು. ಹರಿದರೆ ಹೊಲಿಯುವುದು, ಕತ್ತರಿಸುವುದಲ್ಲ. ಅವರ ಮನೆಯ ರೂಢಿ ಅದು. ಅಷ್ಟರಲ್ಲಿ ಅಟ್ಟದ ಸದ್ದು ಅವರ ಕಿವಿಗೆ ಬಿತ್ತು. ಅಬ್ಬಾ ನನ್ನನ್ನು ವಾದ್ಯ ಸಮೇತ ಕೆಳಗಿಳಿಸಿದರು. ಆಯಿ ಬಾಗಿ, ಮಗ್ಗದ ಮೇಲೆ ಎಳೆದು ಕಟ್ಟಿದ ನೂಲನ್ನು ನೋಡುವ ಹಾಗೆ, ಹತ್ತೂ ತಂತಿಗಳ ಮೇಲೆ ಅಂಗೈ ಸವರಿದರು.

‘ಬೆರಳ ತಗದಮ್ಯಾಲ ಇವುಗಳ ಬಾಯಿ ಯಾರ ಮುಚ್ಚಬೇಕ ತಂಗಿ?’

‘ನನ್ನ ಕೈನ ಮುಚ್ಚಬೇಕ್ರಿ. ನನಗ ಬರವಲ್ದು.’

‘ಎರಡೂ ಕೈ ಬಡ್ಯಾಕ ಹತ್ಯಾವು. ಮುಚ್ಚಾಕ ಮೂರನೇದ ಎಲ್ಲಿಂದ ತರ್ತಿ?’

ಏಳು ತಿಂಗಳಲ್ಲಿ ನಾನು ಒಮ್ಮೆಯೂ ಕೇಳಿಕೊಳ್ಳದ ಪ್ರಶ್ನೆ. ಅಬ್ಬಾ ಹುರುಪಿನಿಂದ ಹಲಗೆಯ ತುದಿಯಲ್ಲಿ, ತಂತಿಗಳ ಕೆಳಗೆ ಹತ್ತಿ ತುರುಕಿದರು. ನಾಲ್ಕು ಸಲ ತಟ್ಟುವುದರೊಳಗೆ ಅದು ಹಾರಿ ಅವರ ಗಡ್ಡಕ್ಕೇ ಅಂಟಿಕೊಂಡಿತು. ‘ಹತ್ತಿ ನಿಲ್ಲಾಂಗಿಲ್ಲ, ಕಂಬಳಿ ಬೇಕ’ ಎಂದರು ಆಯಿ. ಬಜಾರದಿಂದ ಹೊಸ ಕಂಬಳಿಯ ಚೂರು ತರಲೇ ಎಂದು ನಾನು ಕೇಳಿದೆ.

‘ಹೊಸದಕ್ಕ ಹುಣಸಿಬೀಜದ ಗಂಜಿ ಹಚ್ಚಿರ್ತೀವಿ, ಬಿರುಸ ಇರ್ತೈತಿ. ತಂತಿ ಗರಗರ ಅಂತಾವು. ಮಳ್ಯಾಗ ತೊಯ್ದು ತೊಯ್ದು ಮೆತ್ತಗಾದದ್ದ ಬೇಕ.’

‘ಅದ ಖರೆ ಅಂತ ಹೆಂಗ ಹೇಳ್ತೀರಿ?’

‘ನಿನ್ನ ಬಾಯಿಗೂ ಒಂದ ಚೂರ ಬೇಕ ನೋಡು!’ ಎಂದವರೇ ಅಬ್ಬಾನ ಮುಂದಿದ್ದ ಕತ್ತರಿ ಎತ್ತಿಕೊಂಡರು. ‘ಬ್ಯಾಡ್ರಿ ಆಯಿ’ ಎಂದು ಅಬ್ಬಾ ಕೈ ಚಾಚುವುದರೊಳಗೆ ಕಂಬಳಿಯ ಮೂಲೆಯಿಂದ ಬೆರಳಗಲದ ಪಟ್ಟಿ ಬೇರೆಯಾಗಿತ್ತು. ಹತ್ತಿ ಇದ್ದ ಜಾಗಕ್ಕೆ ಅದನ್ನು ತಾವೇ ಸೇರಿಸಿದರು.

ತಟ್ಟಿದೆ, ಸ್ವರ ಬಂತು. ಬೆರಳೆತ್ತಿದೆ. ಅಂಗಡಿಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ನನ್ನ ಕೈ ಏನು ಮಾಡುತ್ತಿದೆ ಎಂಬುದು ನನಗೆ ಕೇಳಿಸಿದ್ದು ಆಗಲೇ. ಅಷ್ಟೇನೂ ಕೆಟ್ಟದಾಗಿ ಮಾಡುತ್ತಿರಲಿಲ್ಲ.

ಮರುದಿನ ಮೂಡಲಗಿಯವರು ಬಂದರು. ವಾದ್ಯ ಕೊಡುವುದಿಲ್ಲ ಎಂದೆ. ‘ನಿನ್ನಿತನಕಾ ಕೈ ಇರ್ಲಿಲ್ಲ, ರಾತ್ರೋರಾತ್ರಿ ಬಂತೇನ್ರಿ?’ ಎಂದು ಸಿಟ್ಟಾದರು. ‘ಕೈ ಇತ್ರಿ, ಕಂಬಳಿ ಇರ್ಲಿಲ್ಲ.’ ಅವರು ಅಬ್ಬಾನ ಮುಖ ನೋಡಿದರು. ಅಬ್ಬಾ ಅವರಿಗೆ ಚಹಾ ತರಿಸಿದರು.

ಆಮೇಲೆ ಫೈಲು ತೆರೆದು, ನಾನು ಬೇಡವೆಂದು ಬಿಟ್ಟಿದ್ದ ಪೀಠಿಕೆ ಓದಿದೆ. ಎರಡನೆಯ ಪುಟದಲ್ಲೇ ಇತ್ತು: ತಂತಿಗಳ ತುದಿಯಲ್ಲಿ, ಕೆಳಗೊಂದು ಮೆತ್ತನೆಯ ಬಟ್ಟೆಯ ಪಟ್ಟಿ ಇರಬೇಕು, ಬೆರಳೆತ್ತಿದ ತಂತಿಯನ್ನು ಅದು ಸುಮ್ಮನಾಗಿಸುತ್ತದೆ. ಹಳೆಯ ಮಾಲೀಕರು ಪಟ್ಟಿ ತೆಗೆದಿದ್ದರು. ವಿಡಿಯೋಗಳಲ್ಲಿ ಕ್ಯಾಮೆರಾ ಬರೀ ಬೆರಳುಗಳ ಮೇಲಿತ್ತು. ಹಾಗಾದರೆ ಕೈಪಿಡಿ ಓದಿದ್ದರೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಸಾಕಿತ್ತು, ಒಪ್ಪಿದೆ. ಆದರೆ ನಾನು ಓದಲಿಲ್ಲ. ಓದದವಳಿಗೆ ಕಲಿಸಿದ್ದು ಪುಸ್ತಕವಲ್ಲ, ತಮ್ಮ ಕಂಬಳಿ ಕತ್ತರಿಸಿಕೊಟ್ಟ ಒಬ್ಬ ಮುದುಕಿ. ಈ ವಾದದಲ್ಲಿ ನಾನು ಸೋಲುವುದಿಲ್ಲ.

ಈಗ ಇದನ್ನು ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ನೋಟ್‌ಬುಕ್ ಬರೆಯುತ್ತಿದ್ದೇನೆ. ಅದರ ಮೊದಲ ಪಾಠ ಪಟ್ಟಿಯದೇ. ಹಳೆಯ ಕಂಬಳಿಯೇ ಯಾಕೆ, ಹೊಸದು ಯಾಕಲ್ಲ ಎಂಬುದನ್ನು ಆಯಿ ಹೇಳಿದಂತೆಯೇ ಇಟ್ಟಿದ್ದೇನೆ. ಪೀಠಿಕೆಯೇ ಇಲ್ಲ, ನನ್ನಂಥವರು ಅದನ್ನು ಬಿಟ್ಟುಬಿಡುತ್ತಾರೆ.

ಕಳೆದ ವಾರ ಅದನ್ನು ಓದಿ ಹೇಳಲು ದಡ್ಡಿಗೆ ಹೋಗಿದ್ದೆ. ಆಯಿ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತ ಕೇಳಿಸಿಕೊಂಡರು. ಹೆಗಲ ಮೇಲೆ ಅದೇ ಕಂಬಳಿ. ಅಂಚಿನ ಎಳೆಗಳನ್ನೆಲ್ಲ ಹೊಲಿದು ಕೂಡಿಸಿದ್ದರು; ಕತ್ತರಿಸಿದ ಮೂಲೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಎಲ್ಲದಕ್ಕೂ ಕಾರಣ ಕೇಳುವವಳು ನಾನು, ಅದನ್ನೂ ಕೇಳಿದೆ:

‘ಆಯಿ, ಅವತ್ತ ನನ್ನ ಹೆಸರೂ ನಿಮಗ ಗೊತ್ತಿರ್ಲಿಲ್ಲ. ಅಜ್ಜಾರು ನೇದ ಕಡೀ ಕಂಬಳಿಗಿ ನನ್ನ ಸಲುವಾಗಿ ಯಾಕ ಕತ್ತರಿ ಹಚ್ಚಿದ್ರಿ?’

‘ಹರದದ್ದಾದ್ರ ಹೊಲೀತಿದ್ದೆ ತಂಗಿ, ಇದ ಹರದದ್ದಲ್ಲ, ಕೊಟ್ಟದ್ದ; ನಮ್ಮ ಮುದಕನ ಉಣ್ಣಿ ನನ್ನ ಹೆಗಲಮ್ಯಾಲ ಸವದ ಹೋಗೂದಕಿಂತ ನಿನ್ನ ತಂತಿ ಕೆಳಗ ಕೆಲಸಕ್ಕ ಬರ್ಲಿ ಅಂದೆ.’