ಗೋಡೆಯ ಮೇಲಿನ ಹಲ್ಲು

ಮಾಣಿಕಬಾಯಿಯ ಹಲ್ಲು ಎಂದೂ ತುಟಿಯ ಮಾತು ಕೇಳಿದವಲ್ಲ. ತವರೂರು ನೇಸರಿಯಲ್ಲಿ ಹೆಣ್ಣು ನೋಡಲು ಬಂದ ನಾಲ್ಕು ಕಡೆಯವರು ಅವಳ ಉಬ್ಬು ಹಲ್ಲು ನೋಡಿ, ಅವಲಕ್ಕಿಯನ್ನು ಮಾತ್ರ ಬಿಡದೆ ತಿಂದು, ಕೈ ಒರೆಸಿಕೊಂಡು ಎದ್ದು ಹೋಗಿದ್ದರು. ಐದನೆಯವರು ಬರುವ ಮುನ್ನ ಅವಳ ಅವ್ವ ಒಂದು ಉಪಾಯ ಹೂಡಿದಳು. ಎಂಟು ದಿನ ಮಗಳ ತುಟಿಗಳ ನಡುವೆ ಲವಂಗವಿಟ್ಟು, ಅದು ಬೀಳದಂತೆ ಬಾಯಿ ಬಿಗಿಹಿಡಿದು ಕೂರುವುದನ್ನು ಕಲಿಸಿದಳು. ಗಡಹಿಂಗ್ಲಜದಿಂದ ಬಂದವರು ಹೆಸರು ಕೇಳಿದಾಗ ಅತ್ತಿಗೆಯೇ ಹೇಳಿದಳು; ಹುಡುಗಿಗೆ ನಾಚಿಕೆ ಹೆಚ್ಚು ಎಂದಳು. ಮದುವೆಯಾಯಿತು. ಗಂಡನ ಮನೆಯ ಹೊಸ್ತಿಲಲ್ಲಿ ನಿಲ್ಲಿಸಿ, ಒಡಪು ಹಾಕಿ, ಪದ್ಯದಲ್ಲಿ ಸೇರಿಸಿ ಗಂಡನ ಹೆಸರು ಹೇಳು ಎಂದಾಗ ಬಾಯಿ ತೆರೆಯದೆ ಗತಿಯಿರಲಿಲ್ಲ.

ಅಂದಿನಿಂದ ಅತ್ತೆಗೆ ಅದೇ ಜಪ. ಸಾರಿಗೆ ಉಪ್ಪು ಹೆಚ್ಚಾದರೂ, ಎಮ್ಮೆ ಒದ್ದರೂ, ಬಾಯಿ ಮುಚ್ಚಿಸಿ ಮೋಸ ಮಾಡಿದರು ಎನ್ನುವಳು. ಗಂಡ ತಮ್ಮಣ್ಣ ಒಳ್ಳೆಯವನೇ. ಬೆಲ್ಲದ ದಲಾಲಿಯಲ್ಲಿ ಊರಿಗೆಲ್ಲ ಮಾತು ಮಾರುವ ಅವನಿಗೆ ಅವ್ವನ ಮುಂದೆ ಮಾತ್ರ ನಾಲಗೆ ಏಳುತ್ತಿರಲಿಲ್ಲ. ಮಾಣಿಕಬಾಯಿ ಇಪ್ಪತ್ತು ವರ್ಷ ಬಾಯಿಗೆ ಸೆರಗಿಟ್ಟುಕೊಂಡೇ ನಕ್ಕಳು.

ಮಗಳು ಶಾಲನಳಿಗೂ ಅವೇ ಹಲ್ಲು ಬಂದವು. ಮೂವತ್ತೆಂಟನೆಯ ಇಸವಿಯಲ್ಲಿ ಕಬನೂರಿನ ನೂಲಿನ ವ್ಯಾಪಾರಿಗಳ ಮನೆಯಿಂದ ಕಾಗದ ಬಂತು: ಮೊದಲು ಹುಡುಗಿಯ ಫೋಟೊ ಕಳಿಸಿ, ಮನಸ್ಸಿಗೆ ಬಂದರೆ ನೋಡಲು ಬರುತ್ತೇವೆ. ಮುಂದಿನ ಸಂತೆಗೆ ಕೊಲ್ಹಾಪುರದಿಂದ ಫೋಟೊ ತೆಗೆಯುವ ಕಾಕಾಸಾಹೇಬ ಬರುವವನಿದ್ದ. ಅತ್ತೆ ಸೊಸೆಯ ಅಂಗೈಯಲ್ಲಿ ಒಂದು ಲವಂಗ ಇಟ್ಟಳು. ಪೋರಿಗೂ ಕಲಿಸು, ನಿನಗೆ ಗೊತ್ತಿರುವುದೇ ಅಲ್ಲವೇ ಎಂದಳು.

ಮಾಣಿಕಬಾಯಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಅತ್ತೆ ಯಾವುದನ್ನು ಮೋಸ ಎಂದು ಜರಿದಳೋ, ಅದನ್ನೇ ಈಗ ಮೊಮ್ಮಗಳಿಗೆ ಕಲಿಸಬೇಕಂತೆ. ಲವಂಗವನ್ನು ತನ್ನ ಬಾಯಿಗೆ ಹಾಕಿಕೊಂಡು ಕಟಕ್ಕನೆ ಅಗಿದಳು.

"ನನ್ನ ಮಗಳು ಬಾಯಿ ಮುಚ್ಚೂದಿಲ್ಲರಿ, ಅತ್ತಿ. ನಾ ಮುಚ್ಚಿದ್ದ ಸಾಕು."

ಹೆದರಿಕೆ ಅವಳಿಗೂ ಇತ್ತು. ಶಾಲನಳಿಗೆ ಹದಿನೇಳು ತುಂಬಿತ್ತು, ಓರಗೆಯವರ ಕಂಕುಳಲ್ಲಿ ಕೂಸುಗಳು ಬಂದಿದ್ದವು. ಆದರೂ ದಿನಾ ಮಧ್ಯಾಹ್ನ ಮಗಳನ್ನು ಕನ್ನಡಿಯ ಮುಂದೆ ಕೂರಿಸಿದಳು. ಮಾತು ಶುರುವಾದೊಡನೆ ಹುಡುಗಿಯ ಕೈ ತಾನಾಗಿ ಬಾಯಿಗೆ ಹೋಗುವುದು. ಅದಕ್ಕೆಂದೇ ಎರಡೂ ಕೈಗೆ ಅಕ್ಕಿಯ ಮೊರ ಕೊಟ್ಟಳು. ಕೈ ಬಿಟ್ಟರೆ ಅಕ್ಕಿ ನೆಲದ ಪಾಲು. ಮೊರ ಹಿಡಿಸಿಕೊಂಡೇ ಊರಿನವರ ನಡಿಗೆ ಆಡಿ ತೋರಿಸಿ ಮಗಳನ್ನು ನಗಿಸಿದಳು. ಮೊದಲೆರಡು ದಿನ ಕೋಳಿಗಳಿಗೆ ಹಬ್ಬವಾಯಿತು. ಆರನೆಯ ದಿನ ಒಂದು ಕಾಳೂ ಬೀಳಲಿಲ್ಲ.

ಸಂತೆಯ ದಿನ ಕಾಕಾಸಾಹೇಬ ಕೆರೆ, ಹಂಸ ಬರೆದ ಪರದೆ ಕಟ್ಟಿದ್ದ. ಶಾಲನಳನ್ನು ಕುರ್ಚಿಯಲ್ಲಿ ಕೂರಿಸಿ ಕರಿ ಬಟ್ಟೆಯೊಳಗೆ ತಲೆ ಹಾಕಿದವನು ಮತ್ತೆ ಹೊರಗೆ ಬಂದ. ಬಾಯಿ ಮುಚ್ಚಲಿ, ಇಲ್ಲವಾದರೆ ಚಿತ್ರ ಕೆಡುತ್ತದೆ ಎಂದು ಮರಾಠಿಯಲ್ಲಿ ಹೇಳಿದ. ಹುಡುಗಿಯ ಮುಖ ಇಳಿದುಹೋಯಿತು. ಬಲಗೈ ಬಾಯಿಯ ಕಡೆ ಏಳತೊಡಗಿತು.

"ಶಾಲನ, ಅಕ್ಕಿ ಚೆಲ್ಲತಾವ ನೋಡ," ಎಂದಳು ಮಾಣಿಕಬಾಯಿ.

ಕೈ ತೊಡೆಗೆ ಮರಳಿತು, ಹುಡುಗಿ ನಕ್ಕೇಬಿಟ್ಟಳು. ಹೀಗೇ ತೆಗೆಯಿರಿ, ಕೆಟ್ಟರೆ ನಮ್ಮ ಚಿತ್ರ ಕೆಡುತ್ತದೆ ಎಂದು ಮಾಣಿಕಬಾಯಿ ಪಟ್ಟು ಹಿಡಿದಳು. ಕಾಕಾಸಾಹೇಬ ತಲೆ ಅಲ್ಲಾಡಿಸುತ್ತಲೇ ತೆಗೆದ.

ಕಬನೂರಿಗೆ ಹೋದ ಫೋಟೊ ಎಂಟೇ ದಿನಕ್ಕೆ ತಿರುಗಿ ಬಂತು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಮಾಡಿದ್ದುಣ್ಣು ಎಂದಳು ಅತ್ತೆ. ಶಾಲನ ದನದ ಕೊಟ್ಟಿಗೆಗೆ ಹೋಗಿ ಅತ್ತಳು. ಮಾಣಿಕಬಾಯಿ ಮರುದಿನವೇ ಫೋಟೊಗೆ ಗಾಜು ಹಾಕಿಸಿ ತಂದಳು. ತಲೆಬಾಗಿಲಿಗೆ ನೇರ ಎದುರು ಗೋಡೆಗೆ ತಮ್ಮಣ್ಣನೇ ಮೊಳೆ ಹೊಡೆದ, ಅವ್ವನ ಮುಖ ನೋಡದೆ.

ಮುಂದೆ ಹೆಣ್ಣು ನೋಡಲು ಬಂದವರಿಗೆಲ್ಲ ಹೊಸ್ತಿಲಲ್ಲೇ ಮಾಣಿಕಬಾಯಿಯ ಒಂದು ಮಾತು ಕಾದಿರುತ್ತಿತ್ತು. "ಮೊದಲ ಗ್ವಾಡಿ ಮ್ಯಾಲ ನೋಡ್ರಿ. ಮನಸಿಗೆ ಬಂದ್ರ ಒಳಗ ಬರ್ರಿ, ಇಲ್ಲಾಂದ್ರ ನನ್ನ ಅವಲಕ್ಕಿ ಉಳೀತಾವ."

ಎರಡು ಕಡೆಯವರು ಅಲ್ಲಿಂದಲೇ ತಿರುಗಿದರು. ಮೂರನೆಯವರು ಇಚಲಕರಂಜಿ ಹತ್ತಿರದ ರೈತರು. ಫೋಟೊವನ್ನು ಸಾವಕಾಶವಾಗಿ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ಹುಡುಗನ ತಾಯಿ ಹುಡುಗಿಯ ಹೆಸರು ಕೇಳಿದಳು. ಉತ್ತರ ಕೊಡಲು ಮಾಣಿಕಬಾಯಿಯ ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಶಾಲನ ತಾನೇ ಹೇಳಿದಳು. ತನ್ನ ಹೆಸರು, ಅಪ್ಪನ ಹೆಸರು, ಊರು. ಆಮೇಲೆ ಹುಡುಗನ ಕಡೆ ತಿರುಗಿದಳು.

"ನಿಮ್ಮ ಹೆಸರೇನ್ರಿ?"

ಅಡುಗೆಮನೆಯಲ್ಲಿ ಅವಲಕ್ಕಿ ತೋಯಿಸುತ್ತಿದ್ದ ಮಾಣಿಕಬಾಯಿ ಗಟ್ಟಿಯಾಗಿ ನಕ್ಕಳು. ಸೆರಗು ಸೊಂಟದಲ್ಲೇ ಇತ್ತು.